ನಾನು ಆಡದ ಮಾತಿಗೆ ಬಿದ್ದ ಚಪ್ಪಾಳೆ

ಫಿನ್‌ಲೆಂಡಿನ ಹೆಂಗಸರು ‘ಹೌದು’ ಎನ್ನುವಾಗ ಉಸಿರನ್ನು ಹೊರಗೆ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತಾರೆ. ಬಿಸಿ ಚಹಾ ಹೀರಿದ ಹಾಗೆ ಒಂದು ಸಣ್ಣ ಸದ್ದು, ಅಷ್ಟೇ. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ನಾನು ಕೇಳಿದ್ದಕ್ಕೆಲ್ಲ ಹೀಗೆ ಉಸಿರೆಳೆದುಕೊಂಡಾಗ, ಪಾಪ, ಇವಳಿಗೆ ಉಬ್ಬಸ ಇರಬೇಕು ಎಂದುಕೊಂಡೆ. ಆಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಹೋದರೂ ಅದೇ ಸದ್ದು. ಹೌದು ಅಂದದ್ದನ್ನು ಅಲ್ಲೇ ನುಂಗಿಬಿಡುವ ಜನ.

ನಮ್ಮ ಶಿರಸಿಯ ಮಹಿಳಾ ಮಂಡಳದವರು ಪ್ರವಾಸದ ಅನುಭವ ಬರೆದುಕೊಡಿ ಎಂದಿದ್ದಾರೆ. “ಹಿಮದ ಬಗ್ಗೆ ಬರೀರಿ, ಓದೋಕೆ ತಂಪಾಗಿರತ್ತೆ” ಎಂದು ಕಾರ್ಯದರ್ಶಿ ಸಲಹೆಯನ್ನೂ ಕೊಟ್ಟರು. ಹಿಮ ಇತ್ತು. ಆದರೆ ಅಲ್ಲಿದ್ದ ಐದು ದಿನ ನನ್ನನ್ನು ಕೊರೆದದ್ದು ಹಿಮವಲ್ಲ, ಆ ಸದ್ದು. ನಾನು ಜನ್ಮದಲ್ಲಿ ಹತ್ತು ಜನರ ಮುಂದೆ ಗಟ್ಟಿಯಾಗಿ ಆಡಿದ ‘ಹೌದು’ ಒಂದೇ. ಅದಕ್ಕೆ ನನ್ನ ತಮ್ಮ ಒಂಬತ್ತು ವರ್ಷ ಜೈಲಿನಲ್ಲಿದ್ದ.

ಹೊರಡುವ ಮುನ್ನ, ಗುಡ್ನಾಪುರ

ನನ್ನ ತವರು ಗುಡ್ನಾಪುರ. ತಮ್ಮ ಚನ್ನಬಸಪ್ಪ, ನಮಗೆ ಚನ್ನು, ಅಲ್ಲಿ ಅನಾನಸು ಬೆಳೆಯುತ್ತಾನೆ. ಅವನ ಕಥೆ ಸಿನಿಮಾ ಆಗಿದೆ, ಫಿನ್‌ಲೆಂಡಿನ ಒಂದು ಚಿತ್ರೋತ್ಸವಕ್ಕೆ ಆಯ್ಕೆಯಾಗಿದೆ, ಮನೆಯವರೊಬ್ಬರು ಬರಬೇಕು ಎಂದು ನಿರ್ದೇಶಕ ಪ್ರಮೋದ ಫೋನು ಮಾಡಿದ. ಯಲ್ಲಾಪುರದ ಕಡೆ ವಜ್ರಳ್ಳಿಯ ಹುಡುಗ, ಮಾತು ಮೃದು. “ಅಕ್ಕಾ, ಅಲ್ಲಿ ಇಂಗ್ಲಿಷ್ ಬೇಕಾಗುತ್ತದೆ. ನೀವು ಕಾನ್ವೆಂಟಿನವರು” ಎಂದ. ಹೀಗೆ, ನ್ಯಾಯಕ್ಕಾಗಿ ಒಂಬತ್ತು ವರ್ಷ ಓಡಾಡಿದ ಚನ್ನುವಿನ ಹೆಂಡತಿ ಗೌರವ್ವ ಊರಿನಲ್ಲಿ ಉಳಿದಳು. ಇಂಗ್ಲಿಷ್ ಬರುವ ನಾನು ಹೊರಟೆ.

ಹೇಳಿ ಬರಲು ಹೋದಾಗ ಗೌರವ್ವ ಅನಾನಸಿನ ಮುಳ್ಳೆಲೆ ಸವರುತ್ತಿದ್ದಳು. ಕೈಗೆ ಹಳೆ ಸಾಕ್ಸು ತೊಟ್ಟಿದ್ದಳು.

“ಹೋಗಿ ಬರ್ರಿ ಅಕ್ಕಾರ. ನಂಗ್ಯಾಕ ಬೇಕ್ರೀ ಫಾರಿನ್ನು? ಚಳಿಗೆ ನನ್ನ ಮೊಣಕಾಲು ತಡೀಯಂಗಿಲ್ಲ.”

“ನಿನಗೇನು ತರಲಿ?”

ಅವಳು ಸಾಕ್ಸು ಕಳಚಿದಳು. “ಏನೂ ತರಬ್ಯಾಡ್ರಿ. ಅಲ್ಲಿ ಯಾರಾದ್ರೂ ಕೇಳಿದ್ರ, ಖರೇ ಇದ್ದದ್ದು ಹೇಳಿ ಬರ್ರಿ. ಒಮ್ಮೆರ.”

ಚನ್ನು ಪಡಸಾಲೆಯಲ್ಲಿ ಕೂತಿದ್ದ. ಸಿನಿಮಾದ ಸುದ್ದಿ ಎತ್ತಿದರೆ, “ನಾ ನೋಡಿದ್ದು ಸಾಕವ್ವ” ಎಂದು ಎದ್ದುಹೋಗುವವನು. ಅವತ್ತೂ ಎದ್ದುಹೋದ. ಅವನ ಕೊರಳಲ್ಲಿ ಅಂಗಡಿಯಿಂದ ಕೊಂಡ ಕರಿ ದಾರ ಇತ್ತು. ಜೈಲಿನಿಂದ ಬಂದ ಮೇಲೆ ನಾನು ಹೊಸೆದ ದಾರವನ್ನು ಅವನು ಕಟ್ಟಿಕೊಂಡಿಲ್ಲ.

ಆ ದಾರದ ಕಥೆ ಹೇಳದೆ ಮುಂದಿನ ಊರಿಗೆ ಹೋಗಲಾರೆ. ನಾವು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಜನ. ಅದನ್ನು ಕಟ್ಟುವ ನೂಲು ಶಿವದಾರ. ನಮ್ಮ ಮನೆಯಲ್ಲಿ ಅದನ್ನು ಹೊಸೆಯುತ್ತಿದ್ದವಳು ನಾನು. ಬಿಳಿ ನೂಲಿನ ಜೊತೆ ಒಂದು ಕೆಂಪು ಎಳೆ ಸೇರಿಸುವುದು ನನ್ನ ರೂಢಿ, ತುದಿಗೆ ಹಾಕುವ ಗಂಟು ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ್ದು. ಊರಲ್ಲಿ ಬೇರೆ ಯಾರಿಗೂ ಆ ಗಂಟು ಬರುತ್ತಿರಲಿಲ್ಲ. ಅದೊಂದು ಜಂಬ ನನಗಿತ್ತು. ತವರಿನಲ್ಲಿ ನಡೆದ ನನ್ನ ಮಗಳ ಲಿಂಗದೀಕ್ಷೆಯ ದಿನ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಶಿವದಾರ ಕೊಟ್ಟೆ. ಚನ್ನುವಿನ ಪಕ್ಕದ ಹೊಲದ ಬಸಲಿಂಗಪ್ಪನವರಿಗೂ ಕೊಟ್ಟೆ. ತಟ್ಟೆ ಹಿಡಿದುಕೊಂಡು ನನ್ನ ಜೊತೆ ಬಂದವಳು ಗೌರವ್ವ.

ಅದಾಗಿ ಕೆಲವು ತಿಂಗಳಿಗೆ ಬಸಲಿಂಗಪ್ಪ ಕೆರೆಯ ಕಾಲುವೆಯ ಅಂಚಿನಲ್ಲಿ ಸತ್ತು ಬಿದ್ದಿದ್ದರು, ತಲೆಗೆ ಕಲ್ಲು ಬಡಿದಿತ್ತು. ಮುಷ್ಟಿಯಲ್ಲಿ ಹರಿದ ಶಿವದಾರ. ಅವರ ಕೊರಳಲ್ಲಿ ಲಿಂಗವೂ ದಾರವೂ ಸರಿಯಾಗಿಯೇ ಇದ್ದವು. ಹಾಗಾದರೆ ಕೈಯಲ್ಲಿದ್ದದ್ದು ಹೊಡೆದವನದು ಎಂದು ಪೋಲೀಸರು ಲೆಕ್ಕ ಹಾಕಿದರು. ಹಿಂದಿನ ದಿನ ನೀರಿನ ಪಾಳಿಗಾಗಿ ಚನ್ನು ಅವರೊಡನೆ ಜಗಳವಾಡಿದ್ದ. ಸಾಲದ್ದಕ್ಕೆ, ದಾರ ಸವೆಯಿತೆಂದು ಅದೇ ವಾರ ನನ್ನಿಂದ ಹೊಸದು ಕಟ್ಟಿಸಿಕೊಂಡಿದ್ದ; ಹಳೆಯದು ಹರಿದದ್ದಕ್ಕೇ ಎಂದರು ಪೋಲೀಸರು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಹರಿದ ದಾರ ತೋರಿಸಿ, “ಈ ಗಂಟು ನಿಮ್ಮದೇ?” ಎಂದರು. ಹೌದು ಎಂದೆ. “ನಿಮ್ಮ ತಮ್ಮನಿಗೆ ದಾರ ಹೊಸೆದುಕೊಡುವವರು ನೀವೇ?” ತಲೆಯಾಡಿಸಿದೆ. “ಸಾಕು” ಎಂದರು. ನಮ್ಮ ವಕೀಲರೂ ಬೇರೇನೂ ಕೇಳಲಿಲ್ಲ. ಇನ್ನೊಂದು ಮಾತು ನನ್ನ ನಾಲಿಗೆಯ ಮೇಲೇ ಇತ್ತು: ಈ ದಾರ ಸತ್ತವರಿಗೂ ಕೊಟ್ಟಿದ್ದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಕೇಳದೇ ಬಾಯಿ ತೆರೆಯಬೇಡ ಎಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಬೆಂಚಿನ ಮೇಲೆ ಕೂಡಿಸಿ ಕಲಿಸಿದ್ದರು. ಎದುರಿಗೆ ಬಸಲಿಂಗಪ್ಪನವರ ಹೆಂಡತಿ ನೀಲಮ್ಮ ಬರಿಹಣೆಯಲ್ಲಿ ಕೂತಿದ್ದರು. ಸೆರಗು ಸರಿಮಾಡಿಕೊಂಡು ಕೆಳಗಿಳಿದೆ.

ವಿಮಾನ ಬದಲಿಸುವ ಊರು

ಬೆಂಗಳೂರಿನ ತಪಾಸಣೆಯಲ್ಲಿ ಯಂತ್ರ ಕೂಗಿತು. ಮಹಿಳಾ ಪೇದೆ ನನ್ನ ಕೊರಳಲ್ಲಿ ಲಿಂಗವಿಟ್ಟಿದ್ದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿ, “ಲಿಂಗಾ ಏನ್ರೀ? ನಮ್ದೂ ಹಾವೇರಿ ಕಡೇನ. ಹೋಗ್ರಿ ಹೋಗ್ರಿ” ಎಂದಳು. ಕಣ್ಣು ತುಂಬಿ ಬಂತು. ಪರದೇಶ ಎಂದರೆ ಇಷ್ಟೇ ಇರಬಹುದು ಎಂದು ಧೈರ್ಯವೂ ಬಂತು.

ವಿಮಾನ ಬದಲಿಸುವ ಊರಿನಲ್ಲಿ ಆ ಧೈರ್ಯ ಇಳಿಯಿತು. ಕೈಗವಸು ತೊಟ್ಟ ಹೆಂಗಸು ಕರಡಿಗೆ ಬಿಚ್ಚಿ ತಟ್ಟೆಯಲ್ಲಿಡು ಎಂದಳು. ನಾನು ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ, ಇದು ಆಭರಣವಲ್ಲ, ಮೈಮೇಲಿಂದ ತೆಗೆಯುವಂತಿಲ್ಲ, ಬೇಕಾದರೆ ಕೈಯಿಂದ ಮುಟ್ಟಿ ನೋಡಿ ಎಂದೆ. ಅವಳು ಬಯ್ಯಲಿಲ್ಲ, ನಗಲೂ ಇಲ್ಲ. ಮೊದಲು ಹೇಳಿದ್ದನ್ನೇ ಅದೇ ದನಿಯಲ್ಲಿ ಹೇಳಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಬಿಚ್ಚಿದೆ. ನಾನು ಒಯ್ದಿದ್ದ ತಟ್ಟೆಯಲ್ಲಿ ಆಗಲೇ ನನ್ನ ಚಪ್ಪಲಿ ಇತ್ತು. ಅವಳು ಬೇರೆ ತಟ್ಟೆ ಕೊಡಲಿಲ್ಲ. ಚಪ್ಪಲಿಯ ಪಕ್ಕದಲ್ಲಿ ನನ್ನ ಲಿಂಗ ರಬ್ಬರಿನ ಪರದೆಯೊಳಗೆ ಹೋಯಿತು.

ಅದು ಆಚೆ ಬರುವವರೆಗೆ ಬರಿಗೊರಳಲ್ಲಿ ನಿಂತೆ. ಹೆಚ್ಚೆಂದರೆ ಒಂದು ನಿಮಿಷ. ಜೈಲಿನ ಗೇಟಿನಲ್ಲಿ ಚನ್ನುವಿನ ದಾರ ಬಿಚ್ಚಿಸಿದ್ದರು, ಒಳಗೆ ದಾರ ಬಿಡುವುದಿಲ್ಲವಂತೆ. ಲಿಂಗವನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಒಂಬತ್ತು ವರ್ಷ ಕಳೆದ. ಈ ವಿಷಯ ಗೌರವ್ವ ಎಂದೋ ಹೇಳಿದಾಗ “ಅಯ್ಯೋ” ಎಂದು ಒಗ್ಗರಣೆಗೆ ಸಾಸಿವೆ ಹಾಕಿದ್ದೆ.

ಪಕ್ಕದ ಸಾಲಿನಲ್ಲಿ ಪ್ರಮೋದ ತಾಯಿಯೊಡನೆ ಫೋನಿನಲ್ಲಿದ್ದ. “ಆಯೀ, ಆನು ಅರಾಮಿದ್ದೆ. ಊಟ ಆತು. ಎಂತ ತೊಂದ್ರೆನೂ ಇಲ್ಲೆ.” ಬೆಲ್ಟು ಸಿಕ್ಕಿಸಿಕೊಳ್ಳುತ್ತ ನನ್ನತ್ತ ತಿರುಗಿ, “ಅಕ್ಕಾ, ಈ ಸೀನು ಸಿನಿಮಾದಲ್ಲಿ ಇರಬೇಕಿತ್ತು” ಎಂದ. ನಾನು ಕರಡಿಗೆಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡೆ.

ಸರೋವರದ ಊರು, ಮೊದಲೆರಡು ದಿನ

ನನ್ನ ಪೆಟ್ಟಿಗೆ ಬರಲಿಲ್ಲ. ವೇದಿಕೆಗೆಂದು ಇಟ್ಟುಕೊಂಡ ಇಳಕಲ್ ಸೀರೆ, ಸ್ವೆಟರು, ಎಲ್ಲ ಬೇರೆ ಯಾವುದೋ ದೇಶಕ್ಕೆ ಹೋಗಿದ್ದವು. ಕೈಚೀಲದಲ್ಲಿ ಉಳಿದದ್ದು ವಿಭೂತಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಮಗೆ ಜೊತೆಗೆ ಕೊಟ್ಟ ದುಭಾಷಿ ಐನೋ ಎಂಬಾಕೆ. ನನ್ನದೇ ವಯಸ್ಸು, ಅಜ್ಜಿಯಾಗಿದ್ದಳು. ಅವಳು ತನ್ನ ಮಗಳ ಬೂಟು, ಗಂಡನ ಕೋಟು ತಂದುಕೊಟ್ಟಳು. ಕಾಟನ್ ಸೀರೆಯ ಮೇಲೆ ಗಂಡಸಿನ ಕೋಟು, ಕೆಳಗೆ ಮೊಣಕಾಲಿನವರೆಗೆ ಬೂಟು. ಕನ್ನಡಿ ನೋಡಿಕೊಂಡು, ನಮ್ಮೂರ ಹೊಲಕ್ಕೆ ಬೆದರುಗೊಂಬೆ ಬೇಕಿದ್ದರೆ ನಾನೇ ಸಾಕು ಎಂದುಕೊಂಡೆ.

ಅಲ್ಲಿನವರ ಕೆಲವು ರೀತಿ ನಮ್ಮವೇ. ಮನೆಯೊಳಗೆ ಚಪ್ಪಲಿ ತರುವುದಿಲ್ಲ. ಕೆಲವು ಪೂರ್ತಿ ಉಲ್ಟಾ. ಬಸ್ ನಿಲ್ದಾಣದಲ್ಲಿ ಆರು ಜನ ನಿಂತಿದ್ದರೆ ಆರು ಮಾರು ಅಂತರ. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವ ನಾನು, ಅಲ್ಲಿ ಅಭ್ಯಾಸಬಲದಿಂದ ಒಬ್ಬ ಮುದುಕರ ಬೆನ್ನಿಗೇ ಹೋಗಿ ನಿಂತೆ. ಅವರು ಮೆಲ್ಲಗೆ ಒಂದು ಹೆಜ್ಜೆ ಸರಿದರು. ನಾನೂ ಸರಿದೆ. ಹೀಗೆ ಇಬ್ಬರೂ ನಿಲ್ದಾಣದ ಹೊರಗೇ ಬಂದೆವು.

ಐನೋ ಒಂದು ತಿಂಡಿ ತಂದಳು, ತೆಳುವಾದ ಕಪ್ಪು ರೊಟ್ಟಿಯ ನಡುವೆ ಮೆತ್ತನ್ನ ಅನ್ನ. ಉಪ್ಪು ಖಾರ ಏನೂ ಇಲ್ಲ, ಬಾಣಂತಿಗೆ ಕೊಡುವ ಪಥ್ಯದ ಹಾಗೆ. ನಾನು ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಅವಳಿಗೂ ಬೇಕೆಂದಳು. ತಿಂದಳು, ಕಣ್ಣಲ್ಲಿ ನೀರು. “ಚೆನ್ನಾಗಿದೆಯೇ?” ಎಂದೆ. ಉಸಿರನ್ನು ಒಳಗೆಳೆದುಕೊಂಡಳು. ಹೌದೆಂದಳೋ, ಖಾರಕ್ಕೆ ಹಾಗೆ ಮಾಡಿದಳೋ ಗೊತ್ತಾಗಲಿಲ್ಲ.

ಊರ ನಡುವಿನ ಸರೋವರ ಹೆಪ್ಪುಗಟ್ಟಿತ್ತು. ಜನ ಅದರ ಮೇಲೆ ನಾಯಿ ಹಿಡಿದುಕೊಂಡು ನಡೆಯುತ್ತಿದ್ದರು. “ನಿಮ್ಮಲ್ಲಿ ಹೀಗೆ ನಡೆಯಬಹುದೇ?” ಎಂದು ಐನೋ ಕೇಳಿದಳು. ನಮ್ಮ ಕೆರೆಯ ಮೇಲೂ ನಡೆಯುತ್ತೇವೆ, ಬೇಸಿಗೆಯಲ್ಲಿ, ನೀರು ಹಿಂದಕ್ಕೆ ಸರಿದು ಅಂಚು ಬಿರಿದಾಗ ಎಂದೆ. ಅವಳು ನಕ್ಕಳು. ನನಗೆ ಮಾತ್ರ ಬೇಸಿಗೆಯ ಕಾಲುವೆಯಲ್ಲಿ ಕೂತ ಗೌರವ್ವ ಕಂಡಳು.

ಬಸಲಿಂಗಪ್ಪನವರನ್ನು ಮಣ್ಣು ಮಾಡುವ ದಿನವೇ ಅವಳು ಒಂದು ಸಂಗತಿ ನೋಡಿದ್ದಳು. ಅವರ ಲಿಂಗ ಯಾವಾಗಲೂ ಬೆಳ್ಳಿ ಕರಡಿಗೆಯಲ್ಲಿರುತ್ತಿತ್ತು. ಹೆಣದ ಕೊರಳಲ್ಲಿದ್ದದ್ದು ಬಟ್ಟೆಯಲ್ಲಿ ಸುತ್ತಿದ ಲಿಂಗ. ಬೆಳ್ಳಿ ಕರಡಿಗೆ ಎಲ್ಲಿ? ಆರೋಪಿಯ ಹೆಂಡತಿಯ ಮಾತು ಯಾರು ಕೇಳುತ್ತಾರೆ. ಕಾಲುವೆ ಒಣಗಿದಾಗಲೆಲ್ಲ ಅವಳು ಅಲ್ಲಿ ಕೂತು ಜರಡಿಯಲ್ಲಿ ಹೂಳು ಸೋಸಿದಳು. ಪ್ರತಿ ಬೇಸಿಗೆ. ಊರವರು ಹುಚ್ಚಿ ಎಂದರು. ಅವಳು ಹಿಡಿದ ಸಿದ್ದಾಪುರದ ವಕೀಲರು, ನಿಮ್ಮ ನಾದಿನಿ ಮತ್ತೊಮ್ಮೆ ಕೋರ್ಟಿಗೆ ಬಂದು ಸತ್ತವರಿಗೂ ದಾರ ಕೊಟ್ಟಿದ್ದೆ ಎಂದು ಹೇಳಲಿ, ಅರ್ಜಿ ಹಾಕುತ್ತೇನೆ ಎಂದರು. ಗೌರವ್ವ ಶಿರಸಿಗೆ ಬಂದು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದಳು. ನನ್ನ ಮನೆಯವರು, “ಒಮ್ಮೆ ಹೇಳಿ ಆಗಿದೆ. ಮಾತು ಬದಲಿಸಿದರೆ ಸುಳ್ಳು ಸಾಕ್ಷಿ ಅಂತ ಇವಳನ್ನೇ ಹಿಡಿಯುತ್ತಾರೆ” ಎಂದರು. ನಾನು ಅವಳಿಗೆ ಚಹಾ ಕೊಟ್ಟೆ. ಕುಡಿದು ಹೋದಳು. ಆಮೇಲೆ ಕೇಳಲು ಬರಲಿಲ್ಲ.

ಎಂಟನೆಯ ಬೇಸಿಗೆಯಲ್ಲಿ ಕರಡಿಗೆ ಸಿಕ್ಕಿತು, ಅದರ ಕೊಂಡಿಯಲ್ಲಿ ಕೆಂಪೆಳೆಯ ದಾರದ ಚೂರು ಇತ್ತು. ಗೌರವ್ವ ಅದನ್ನು ನೀಲಮ್ಮನವರ ಮುಂದಿಟ್ಟಳು. ಆ ಮುದುಕಿ ಬಹಳ ಹೊತ್ತು ನೋಡಿ ಬಾಯಿ ಬಿಟ್ಟರಂತೆ: “ಕೊಳ್ಳಾಗ ಲಿಂಗ ಇಲ್ಲದ ಸತ್ತಾರಂತ ಮಂದಿ ಅನಬಾರ್ದಂತ, ಪೋಲೀಸ್ರು ಬರೂದ್ರಾಗ ದೇವರ ಜಗಲಿ ಮ್ಯಾಲಿನ ಹಿರೇರ ಲಿಂಗ ತಂದು ನಾವ ಕಟ್ಟಿದ್ವೆವ್ವಾ.” ಅಷ್ಟೇ ಆಗಿದ್ದದ್ದು. ಕಾಲು ಜಾರಿ ಬೀಳುವಾಗ ಬಸಲಿಂಗಪ್ಪ ತಮ್ಮ ಲಿಂಗವನ್ನೇ ಹಿಡಿದುಕೊಂಡಿದ್ದರು. ನಮ್ಮ ಪೈಕಿ ಯಾರೇ ಆಗಲಿ ಹಿಡಿಯುವುದು ಅದನ್ನೇ. ಮುಷ್ಟಿಯಲ್ಲಿದ್ದದ್ದು ಅವರದೇ ದಾರ. ಕೊಲೆ ಎಂಬುದೇ ಇರಲಿಲ್ಲ. ಮೇಲಿನ ಕೋರ್ಟು ಒಪ್ಪುವ ಹೊತ್ತಿಗೆ ಒಂಬತ್ತು ವರ್ಷವಾಗಿತ್ತು.

ಮೂರನೆಯ ದಿನ, ಸಿನಿಮಾ

ಚಿತ್ರಮಂದಿರ ಸಣ್ಣದು, ಬೆಚ್ಚಗಿತ್ತು. ಎಲ್ಲರೂ ಕೋಟು ಮಡಚಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದರು.

ಸಿನಿಮಾ ಶುರುವಾದರೆ ಎದುರಿಗೆ ದಟ್ಟ ಕಾಡು, ಜಡಿಮಳೆ. ನಮ್ಮ ಗುಡ್ನಾಪುರದ ಬಯಲು ಎಲ್ಲಿ? ಪ್ರಮೋದ ಪಿಸುಗುಟ್ಟಿದ: “ಕಾನಸೂರಿನಲ್ಲಿ ತೆಗೆದೆವು ಅಕ್ಕಾ. ಹಸಿರು ಇದ್ದರೆ ಹೊರಗಿನವರಿಗೆ ಹಿಡಿಸುತ್ತದೆ.” ಪರದೆಯ ಮೇಲಿನ ಚನ್ನು ಪೋಲೀಸರಿಗೆ, “ಎಂಗೆ ಎಂತೂ ಗೊತ್ತಿಲ್ಲೆ” ಎಂದು ಪ್ರಮೋದನ ಮನೆಯವರ ಹಾಗೆ, ಅಡಿಕೆ ತೋಟದವರ ಮಾತಿನಲ್ಲಿ ಅಳುತ್ತಿದ್ದ. ನಿಜವಾದ ಚನ್ನು ಅಂದು ಅತ್ತಿರಲಿಲ್ಲ, “ಹೊಡೀಬ್ಯಾಡ್ರಿ, ನಾನ ಜೀಪು ಹತ್ತತೇನಿ” ಅಂದಿದ್ದ. ಜರಡಿ ಇರಲಿಲ್ಲ. ಕರಡಿಗೆ ಇರಲಿಲ್ಲ. ಗೌರವ್ವ ಇರಲೇ ಇಲ್ಲ. ಎರಡು ಹೆಂಗಸರಿದ್ದರೆ ಪ್ರೇಕ್ಷಕರಿಗೆ ಗೊಂದಲವಾಗುತ್ತದೆಂದು ಅವಳನ್ನೂ ನನ್ನನ್ನೂ ಒಬ್ಬಳನ್ನಾಗಿ ಮಾಡಿದ್ದರು. ಹೆಸರು ಬೇರೆ, ಆದರೆ ಅಕ್ಕ. ಕಾನ್ವೆಂಟಿನ ಅಕ್ಕ.

ಆ ಅಕ್ಕ ಕೋರ್ಟಿನಲ್ಲಿ ಎದ್ದು ನಿಂತಳು. ಗಂಟು ನಿಮ್ಮದೇ ಎಂದು ಕೇಳಿದರು. ಹೌದು ಎಂದಳು. ವಕೀಲ ಸಾಕು ಎಂದ. ಅವಳು ಕಟಕಟೆ ಬಿಟ್ಟಿಳಿಯಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು, “ಸಾಕಾಗಲಿಲ್ಲ ಸ್ವಾಮಿ. ಈ ದಾರವನ್ನು ಸತ್ತವರಿಗೂ ನಾನೇ ಕೊಟ್ಟಿದ್ದೆ” ಎಂದಳು. ಒಳ್ಳೆಯ ನಟಿ. ದನಿ ನಡುಗಬೇಕಾದಲ್ಲಿ ಮಾತ್ರ ನಡುಗಿತು. ಅಷ್ಟು ವರ್ಷ ನನ್ನ ನಾಲಿಗೆಯ ಮೇಲಿದ್ದ ಮಾತು ಯಾರದೋ ಬಾಯಿಂದ, ಕೆಳಗೆ ಫಿನ್ನಿಷ್ ಅಕ್ಷರಗಳೊಂದಿಗೆ, ಹೊರಗೆ ಬಂತು.

ಮುಗಿದ ಮೇಲೆ ಹೆಸರುಗಳೆಲ್ಲ ಉರುಳಿಹೋಗುವವರೆಗೆ ಒಬ್ಬರೂ ಏಳಲಿಲ್ಲ. ಆಮೇಲೆ ಚಪ್ಪಾಳೆ. ನನ್ನನ್ನು ವೇದಿಕೆಗೆ ಕರೆದರು. ಬೂಟು ಸದ್ದು ಮಾಡುತ್ತಿತ್ತು. ಮುಂದಿನ ಸಾಲಿನ ಒಬ್ಬರು ಎದ್ದು ಕೇಳಿದರು, ಐನೋ ಇಂಗ್ಲಿಷಿಗೆ ತಿರುಗಿಸಿದಳು: “ಕೋರ್ಟಿನಲ್ಲಿ ನೀವು ಹಾಗೆಯೇ ಮಾತಾಡಿದಿರಾ?”

ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆ. ನನ್ನ ಪಾಲಿಗೆ ಯಾವಾಗಲೂ ಇಂಥವೇ ಬರುತ್ತವೆ. ಪ್ರಮೋದ ಮೈಕಿಗೆ ಕೈ ಅಡ್ಡ ಹಿಡಿದು, “ಯೆಸ್ ಅಂದುಬಿಡಿ ಅಕ್ಕಾ” ಎಂದ.

“ಇಲ್ಲ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಕೇಳಿದ್ದಕ್ಕೆ ಉತ್ತರ ಆಗಿತ್ತು. ಗೌರವ್ವನ ಕೈಯ ಸಾಕ್ಸು ನೆನಪಾಯಿತು. ಎಲ್ಲ ಹೇಳಿದೆ. ಹೌದು ಎಂದು ಇಳಿದುಬಂದದ್ದು, ಚಹಾ ಕೊಟ್ಟು ಕಳಿಸಿದ್ದು, ಜರಡಿ ಹಿಡಿದವಳು ಬೇರೊಬ್ಬಳು, ಅವಳ ಹೆಸರು ಗೌರವ್ವ, ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು. ಐನೋ ತಿರುಗಿಸುತ್ತ ಹೋದಳು. ಚಹಾದ ಮಾತನ್ನು ಇನ್ನೊಮ್ಮೆ ಕೇಳಿ ತಿರುಗಿಸಿದಳು.

ಆಮೇಲೆ ಮತ್ತೆ ಚಪ್ಪಾಳೆ. ಮೊದಲಿಗಿಂತ ಜೋರು, ಕೆಲವರು ಎದ್ದೇ ನಿಂತರು. ನಾನು ಆಡದ ಮಾತಿಗೆ ಒಮ್ಮೆ, ಆಡಲಿಲ್ಲ ಎಂದದ್ದಕ್ಕೆ ಇನ್ನೊಮ್ಮೆ. ಎಂಥ ಒಳ್ಳೆಯ ಜನ! ಕೆನ್ನೆಗೆ ಹೊಡೆಯಬೇಕಾದಲ್ಲಿ ಕೈ ತಟ್ಟುತ್ತಿದ್ದರು.

ಹೊರಗೆ, ಕೋಟು ತೊಡುವಲ್ಲಿ, ಒಬ್ಬ ಹೆಂಗಸು ಬಂದು ನಿಂತಳು. ಅವಳಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. “ಇದನ್ನು ನಿಮ್ಮ ತಮ್ಮನಿಗೆ ಹೇಳಿದ್ದೀರಾ?”

“ಇಲ್ಲ.”

ಅವಳು ಉಸಿರನ್ನು ಒಳಗೆಳೆದುಕೊಂಡು ಹೊರಟುಹೋದಳು.

ವಾಪಸು, ಗುಡ್ನಾಪುರ

ಬೆಂಗಳೂರಿನಲ್ಲಿ ಬೀಳ್ಕೊಡುವಾಗ ಪ್ರಮೋದ, “ಶಿರಸಿಯಲ್ಲಿ ತೋರಿಸುವಾಗ ಹಾಗೆ ಹೇಳಬೇಡಿ ಅಕ್ಕಾ. ಅಲ್ಲಿ ನಿಮಗೆ ಸನ್ಮಾನ ಇಟ್ಟುಕೊಂಡಿದ್ದಾರೆ” ಎಂದ.

ಪೆಟ್ಟಿಗೆ ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ಇಳಕಲ್ ಸೀರೆಯ ಮಡಿಕೆ ಹಾಗೇ ಇತ್ತು.

ಮರುದಿನವೇ ತವರಿಗೆ ಹೋದೆ. ಗೌರವ್ವ ಅಂಗಳದಲ್ಲಿದ್ದಳು.

“ಕೇಳಿದ್ರೇನ್ರೀ?”

“ಕೇಳಿದರು. ಎಲ್ಲ ಹೇಳಿದೆ. ನಿನ್ನ ಹೆಸರೂ ಹೇಳಿದೆ.”

“ಚಲೋ ಆತು.” ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಅಲ್ಲಿ ಹೇಳೂದು ಸಲೀಸ್ರಿ ಅಕ್ಕಾರ. ಅಲ್ಲಿ ಅವ್ರು ಇರಂಗಿಲ್ಲಲ್ಲ” ಎಂದು ಹಿತ್ತಲ ಕಡೆ ಕಣ್ಣು ಮಾಡಿದಳು.

ಚನ್ನು ಹಿತ್ತಲಲ್ಲಿ ನೆಡುವ ಅನಾನಸಿನ ಕಂದು ವಿಂಗಡಿಸುತ್ತಿದ್ದ. ನಾನು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ, ಸಿನಿಮಾದಲ್ಲಿ ಕಾನಸೂರಿನ ಕಾಡು ತೋರಿಸಿದ್ದಾರೆ ಎಂದೆ. ನಕ್ಕ. ಅದರಲ್ಲಿ ನೀನು ತೋಟದವರ ಹಾಗೆ ಮಾತಾಡುತ್ತೀ ಎಂದೆ. ಇನ್ನೂ ನಕ್ಕ. ಆಮೇಲೆ ಕೈಯಲ್ಲಿದ್ದ ಕಂದು ಕೆಳಗಿಟ್ಟ.

“ಅದರಾಗ ಅಕ್ಕ ಕೋರ್ಟಿನಾಗ ಇನ್ನೊಂದ ಮಾತು ಹೇಳತಾಳಂತ, ಹೌದೇನ? ಆ ಹುಡುಗ ಮೊದ್ಲ ಕಥಿ ಓದಿ ಹೇಳಿದ್ದ.”

“ಹೇಳುತ್ತಾಳೆ.”

“ನೀ ಹೌದು ಅಂದ ಮ್ಯಾಲೆ ನಾ ನಿನ್ನ ಮಾರೀನ ನೋಡಕೋತ ನಿಂತಿದ್ದೆ ಅಕ್ಕಾ. ನೀ ತುಟಿ ಅಲುಗಿಸಿದಿ. ಬಂತು, ಈಗ ಬಂತು ಅಂದ್ಕೊಂಡೆ. ನೀ ಸೆರಗು ಸರಿ ಮಾಡ್ಕೊಂಡಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ಹೆಂಗ ಹೇಳತಾಳ? ಹೇಳಿ ತೋರ್ಸು.”

ನಾನು ಎದ್ದು ನಿಂತೆ. ಹಿಡಿಯಲು ಕಂಬಿ ಇರಲಿಲ್ಲ.

“ಈ ದಾರ ಸತ್ತವರಿಗೂ ನಾನೇ ಕೊಟ್ಟಿದ್ದೆ.”

ಅವನು ತಲೆ ತಗ್ಗಿಸಿ ಕೇಳಿದ. ಕೊರಳಿನ ಕರಿ ದಾರ ಬೆವರಿಗೆ ಅಂಟಿಕೊಂಡಿತ್ತು. ಇನ್ನೂ ಏನೋ ಬರಲಿದೆ ಎನ್ನುವಂತೆ ಸ್ವಲ್ಪ ಹೊತ್ತು ಕಾದ. ಆಮೇಲೆ ಮತ್ತೆ ಕಂದು ಕೈಗೆತ್ತಿಕೊಂಡ.

“ಇಷ್ಟ ಸಣ್ಣ ಮಾತೇನ ಅಕ್ಕಾ ಅದು” ಎಂದ.